ಕೂಗುವ ಗುಬ್ಬಿ

ಬಲೆಯ ಜೊತೆ ಮೇಲೆ ಬಂದ ಡಾಲ್ಫಿನ್ ಆಗಲೇ ಸತ್ತಿತ್ತು. ಬಾಲಕ್ಕೆ ಬಲೆ ಸುತ್ತಿಕೊಂಡು, ಉಸಿರೆಳೆದುಕೊಳ್ಳಲು ಮೇಲೆ ಬರಲಾಗದೆ, ನೀರಲ್ಲೇ ಹುಟ್ಟಿದ ಜೀವ ನೀರಲ್ಲೇ ಉಸಿರುಗಟ್ಟಿ ಹೋಗಿತ್ತು. ಬಲೆ ಕತ್ತರಿಸಿ ಇಲ್ಲೇ ಬಿಟ್ಟುಬಿಡೋಣ, ಯಾರಿಗೆ ಗೊತ್ತಾಗುತ್ತದೆ ಎಂದರು ಜೊತೆಯವರು. ಬೋಟಿನ ಯಜಮಾನ ಒಪ್ಪಲಿಲ್ಲ. ಚುಕ್ಕಾಣಿ ಬಿಟ್ಟು ಬೇರೇನನ್ನೂ ಹಿಡಿದು ಗೊತ್ತಿಲ್ಲದ ಅವನನ್ನು ಬಂದರಿನಲ್ಲಿ ಎಲ್ಲರೂ ಚುಕ್ಕಾಣಿಯಣ್ಣ ಎಂದೇ ಕರೆಯುತ್ತಿದ್ದರು. ಬಲೆಗೆ ಹೀಗೆ ಸಿಕ್ಕಿದ್ದನ್ನು ದಡಕ್ಕೆ ತಂದು ತೋರಿಸಬೇಕು ಎಂಬ ಮಾತಿಗೆ ಬೋಟಿನವರ ಸಂಘದಲ್ಲಿ ಮೊದಲು ಕೈ ಎತ್ತಿದವನೇ ಅವನು.

ಸಂಕಟವೆಂದರೆ, ಆ ಬಲೆಗೆ ಗುಬ್ಬಿಗಳನ್ನು ಕಟ್ಟಲಾಗಿತ್ತು. ಗುಬ್ಬಿ ಎಂಬುದು ಬೋಟಿನವರು ಇಟ್ಟ ಹೆಸರು. ಗೇಣುದ್ದದ ಹಳದಿ ಕೊಳವೆ ಅದು. ನೀರಿಗೆ ಬಿದ್ದೊಡನೆ ತೆಳ್ಳಗಿನ ಕೀಚಲು ದನಿಯಲ್ಲಿ ಕೂಗುತ್ತದೆ, ಡಾಲ್ಫಿನ್‌ಗಳು ಆ ದನಿ ಕೇಳಿ ಬಲೆಯಿಂದ ದೂರ ಸರಿಯುತ್ತವೆ. ಮೀನುಗಾರಿಕೆ ಇಲಾಖೆಯಲ್ಲಿ ಅಧಿಕಾರಿಯಾಗಿದ್ದ ಚುಕ್ಕಾಣಿಯಣ್ಣನ ತಂಗಿಯ ಮಗಳು ಬೋಟಿನಿಂದ ಬೋಟಿಗೆ ಅಲೆದು, ಬೈಸಿಕೊಂಡು, ಕಡೆಗೆ ಮಾವನ ಹೆಸರಿನ ದಾಕ್ಷಿಣ್ಯಕ್ಕೆ ಎಲ್ಲರನ್ನೂ ಒಂದು ವರ್ಷದ ಪ್ರಯೋಗಕ್ಕೆ ಒಪ್ಪಿಸಿದ್ದಳು. ಆ ವರ್ಷ ಮುಗಿದಿತ್ತು. ಅದೇ ಸಂಜೆ ಬೋಟಿನ ಯಜಮಾನರ ಸಭೆ. ಅವರು ಹೂಂ ಅಂದರೆ ಎಲ್ಲ ಬಲೆಗಳಿಗೂ ಗುಬ್ಬಿ ಕಡ್ಡಾಯ, ಊಹೂಂ ಅಂದರೆ ನಿಯಮ ಅಲ್ಲಿಗೇ ಮಣ್ಣುಪಾಲು. ಗುಬ್ಬಿ ಕಟ್ಟಿದ ಬಲೆಯಲ್ಲೇ ಡಾಲ್ಫಿನ್ ಸತ್ತ ಮೇಲೆ ಹೂಂ ಅನ್ನುವವರು ಯಾರು?

ಸುದ್ದಿ ತಿಳಿದು ಬಂದರಿಗೆ ಓಡಿ ಬಂದ ಸೋದರಸೊಸೆ ಡಾಲ್ಫಿನ್‌ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಬಾಲಕ್ಕೆ ಬಿಗಿದಿದ್ದ ಬಲೆಯನ್ನು ನೋಡಿದಳು. ಆಮೇಲೆ ಬಕೆಟ್ಟಿನಲ್ಲಿ ಸಮುದ್ರದ ನೀರು ತುಂಬಿ, ಬಲೆಯಿಂದ ಬಿಚ್ಚಿದ ಗುಬ್ಬಿಯೊಂದನ್ನು ಅದರಲ್ಲಿ ಅದ್ದಿದಳು.

"ಬಲೆ ಬಿಡೋ ಮುಂಚೆ ಪರೀಕ್ಷೆ ಮಾಡಿದ್ರಾ ಮಾವ?"

"ಮಾಡದೆ ಬಿಡ್ತೀನಾ? ಹೀಗೇ ಬಕೆಟ್ಟಲ್ಲಿ ಅದ್ದಿ ನೋಡಿದ್ದೆ. ಈಗಲೂ ಕೂಗ್ತಿದೆಯಲ್ಲಮ್ಮ."

ಅವಳು ಮಾವನ ಮುಖವನ್ನೇ ನೋಡಿದಳು. ಆಚೆ ಬಲೆ ಹೊಲಿಯುತ್ತ ಕೂತಿದ್ದ ಹೆಂಗಸನ್ನು ಕರೆದು ಏನಾದರೂ ಕೇಳಿಸುತ್ತಿದೆಯೇ ಎಂದು ಕೇಳಿದಳು. ಏನು ಕೇಳಿಸಬೇಕಿತ್ತು ಎಂದು ಆಕೆ ಕಕ್ಕಾಬಿಕ್ಕಿಯಾದಳು. ಸೊಸೆ ತನ್ನ ಚೀಲದಿಂದ ಹೊಸದೊಂದು ಗುಬ್ಬಿ ತೆಗೆದು ಅದ್ದಿದಳು. ಹೆಂಗಸು ತಟ್ಟನೆ ಕಿವಿ ಮುಚ್ಚಿಕೊಂಡು, ಇದೆಂಥ ಹಾಳು ಕೀಚಲು ಎಂದು ಬೈದುಕೊಳ್ಳುತ್ತ ಹೊರಟುಹೋದಳು. ಚುಕ್ಕಾಣಿಯಣ್ಣನಿಗೆ ಎರಡು ಸಲವೂ ಕೇಳಿಸಿದ್ದು ಒಂದೇ. ಏನೂ ಇಲ್ಲ.

ಅವನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ ಅದು. ಮೀಸೆ ಮೂಡುವ ಮೊದಲಿನಿಂದ ಇಂಜಿನ್ನಿನ ಪಕ್ಕದಲ್ಲಿ ನಿಂತ ಕಿವಿ. ಗಡಸು ದನಿಗಳೆಲ್ಲ ಉಳಿದಿದ್ದವು, ತೆಳು ದನಿಗಳು ಒಂದೊಂದಾಗಿ ಬಿಟ್ಟುಹೋಗಿದ್ದವು. ಹೆಂಡತಿ ಊಟಕ್ಕೆ ಕರೆದದ್ದು ಕೇಳಿಸದಿದ್ದರೆ ಅದು ಗಂಡಸರ ಜಾಣ ಕಿವುಡು ಎಂದು ಎಲ್ಲರೂ ನಗುತ್ತಿದ್ದರು, ಅವನೂ ನಗುತ್ತಿದ್ದ. ನಗದೆ ಏನು ಮಾಡುವುದು? ಕಿವಿ ಹೋಯಿತೆಂದರೆ ಬೋಟು ಓಡಿಸುವ ಪರವಾನಗಿಯೂ ಹೋಯಿತು. ಹಾಗಾಗಿ ಗುಬ್ಬಿಯನ್ನು ಅದ್ದಿದಾಗಲೆಲ್ಲ ಅವನು ಜೊತೆಯವರ ಮುಖ ನೋಡುತ್ತಿದ್ದ, ಅವರು ತಲೆಯಾಡಿಸಿದರೆ ತಾನೂ ಆಡಿಸುತ್ತಿದ್ದ. ಅವರೂ ಅದೇ ಇಂಜಿನ್ನಿನ ಪಕ್ಕದವರು, ಅವನ ಮುಖ ನೋಡಿಯೇ ತಲೆಯಾಡಿಸುತ್ತಿದ್ದವರು ಎಂಬುದು ಅವನಿಗೆ ಹೊಳೆದದ್ದು ಈಗ.

ಕಿವಿಯಿಂದಲೇ ಪರೀಕ್ಷಿಸಿ ಎಂದು ನಿಯಮ ಬರೆದವಳು ನಾನೇ ಎಂದು ಸೊಸೆ ತಲೆ ತಗ್ಗಿಸಿದಳು. ಅವನು ಡಾಲ್ಫಿನ್ ಕಡೆ ನೋಡಿದ. ಅದರ ಕಣ್ಣು ಇನ್ನೂ ತೆರೆದೇ ಇತ್ತು.

"ಸಭೆಯಲ್ಲಿ ನಾನೇ ಹೇಳ್ತೀನಿ," ಎಂದ. "ತಪ್ಪು ಗುಬ್ಬೀದಲ್ಲ, ನನ್ನ ಕಿವೀದು ಅಂತ."

ಹೇಳಿದ ಹಾಗೆಯೇ ಮಾಡಿದ. ತುಂಬಿದ ಸಭೆಯಲ್ಲಿ ಎದ್ದು ನಿಂತು, ನನಗೆ ಕಿವಿ ಕೇಳಿಸುವುದಿಲ್ಲ, ಕೆಟ್ಟುಹೋದ ಗುಬ್ಬಿಗಳನ್ನು ಕೂಗುತ್ತಿವೆ ಎಂದುಕೊಂಡು ಸಮುದ್ರಕ್ಕೆ ಬಿಟ್ಟೆ ಎಂದು ಹೇಳಿ, ಜೇಬಿನಿಂದ ಪರವಾನಗಿ ತೆಗೆದು ಮೇಜಿನ ಮೇಲಿಟ್ಟ. ಸೊಸೆ ಅದನ್ನು ತೆಗೆದುಕೊಳ್ಳಲೇಬೇಕಾಯಿತು. ಇದು ಮಾವನೊಬ್ಬರ ಕಷ್ಟ ಅಲ್ಲ, ನಿಮ್ಮೆಲ್ಲರ ಕಿವಿಯನ್ನೂ ಪರೀಕ್ಷೆ ಮಾಡಿಸೋಣ ಎಂದು ಅವಳು ಅನ್ನುತ್ತಿದ್ದಂತೆ ಸಭೆಗೆ ಸಭೆಯೇ ಬಿಗಿದುಕೊಂಡಿತು.

ಸಂಘದ ಅಧ್ಯಕ್ಷ, ಸಭೆಗೆ ತೋರಿಸಲೆಂದು ಸೊಸೆ ಮೇಜಿನ ಮೇಲೆ ತಂದಿಟ್ಟಿದ್ದ ಆ ಕೆಟ್ಟ ಗುಬ್ಬಿಯನ್ನೇ ಎತ್ತಿಕೊಂಡು ಪಕ್ಕದಲ್ಲಿದ್ದ ನೀರಿನ ಬಕೆಟ್ಟಿಗೆ ಅದ್ದಿ, ಎಲ್ಲರ ಕಡೆ ತಿರುಗಿದ.

"ಯಾರ್ಯಾರಿಗೆ ಕೇಳಿಸ್ತಿದೆ, ಕೈ ಎತ್ತಿ."

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಣ್ಣೆದುರೇ ಒಬ್ಬನ ಹೊಟ್ಟೆಪಾಡು ಹೋದದ್ದನ್ನು ನೋಡಿದ ಮೇಲೆ ಕೈ ಎತ್ತದೆ ಕೂರುವ ಎದೆ ಯಾರಿಗಿತ್ತು? ಒಂದು ಕೈ ಎದ್ದಿತು, ಆಮೇಲೆ ಪಕ್ಕದ್ದು, ಆಮೇಲೆ ಎಲ್ಲವೂ. ಇದು ಕೂಗುತ್ತಲೇ ಇಲ್ಲ ಎಂದು ಸೊಸೆ ಗಂಟಲು ಹರಿಯುವಂತೆ ಹೇಳಿದಳು. ಇಷ್ಟು ಜನಕ್ಕೆ ಕೇಳಿಸಿದ್ದು ಮೇಡಂಗೊಬ್ಬರಿಗೆ ಕೇಳಿಸುವುದಿಲ್ಲವಂತೆ, ಮಾವನ ಕಿವಿಯೇ ಬಂದಿರಬೇಕು ಎಂದು ಯಾರೋ ಅಂದಾಗ ಸಭೆ ಗೊಳ್ಳೆಂದು ನಕ್ಕಿತು. ಗುಬ್ಬಿ ಚೆನ್ನಾಗಿಯೇ ಕೂಗುತ್ತಿದೆ, ಆದರೂ ಡಾಲ್ಫಿನ್ ಸತ್ತಿದೆ, ಅಂದಮೇಲೆ ಈ ನಿಯಮ ಯಾರ ಉದ್ಧಾರಕ್ಕೆ ಎಂದ ಅಧ್ಯಕ್ಷ. ಎತ್ತಿದ ಕೈಗಳನ್ನು ಇಳಿಸದೆಯೇ ಎಲ್ಲರೂ ನಿಯಮಕ್ಕೆ ಊಹೂಂ ಅಂದುಬಿಟ್ಟರು.

ಚುಕ್ಕಾಣಿಯಣ್ಣ ತಡವರಿಸುತ್ತ ಬಕೆಟ್ಟಿನ ಹತ್ತಿರ ಬಂದ. ಕೂಗ್ತಾ ಇಲ್ಲ ಕಣ್ರೋ, ದೇವರಾಣೆಗೂ ಕೂಗ್ತಾ ಇಲ್ಲ ಎಂದು ಒಬ್ಬೊಬ್ಬರ ಮುಖವನ್ನೂ ನೋಡಿ ಬೇಡಿಕೊಂಡ. ಜೀವಮಾನವಿಡೀ ಅವನ ಜೊತೆ ಬಲೆ ಎಳೆದ ಗೆಳೆಯ ಎದ್ದು ಬಂದು, ಅವನ ಹೆಗಲ ಮೇಲೆ ಕೈಯಿಟ್ಟು, ಕಿವಿಯ ಹತ್ತಿರ ಬಾಗಿ ಕನಿಕರದಿಂದ ಗಟ್ಟಿಯಾಗಿ ಹೇಳಿದ:

"ಕೂಗ್ತಿದೆ ಅಣ್ಣ. ನಿನಗೆ ಕೇಳಿಸ್ತಿಲ್ಲ, ಅಷ್ಟೆ."