ದೇವಪ್ಪನ ಜಾಮೀನು

“ಇದು ಆಗೋದಿಲ್ಲ,” ಎಂದು ಶಿರಸ್ತೇದಾರ್ ವೃಷಭೇಂದ್ರಪ್ಪ ಪಹಣಿಯನ್ನು ಹಿಂದಕ್ಕೆ ತಳ್ಳಿದರು.

ದೇವಪ್ಪ ಗೋಡೆಯ ಗಡಿಯಾರ ನೋಡಿದ. ನಾಲ್ಕೂಕಾಲು. ಐದರೊಳಗೆ ಜಾಮೀನು ಒಪ್ಪಿಗೆಯಾಗದಿದ್ದರೆ ಹುಡುಗ ಮತ್ತೆ ಜೈಲಿನ ವ್ಯಾನು ಹತ್ತಬೇಕು. ನಾಳೆಯಿಂದ ಕೊಪ್ಪದ ಕೋರ್ಟಿಗೆ ೨೦೦೩ರ ದಸರಾ ರಜೆ.

ನಲವತ್ತು ದಿನಗಳ ಹಿಂದೆ, ಗದ್ದೆಗೆ ಹಂದಿ ಇಳಿಯಿತೆಂದು ಹುಡುಗ ಕೋವಿ ಸಿಡಿಸಿದ್ದ. ಪೊದೆಯ ಹಿಂದಿದ್ದದ್ದು ಹಂದಿಯಲ್ಲ, ಜೊತೆಗೆ ಕಾವಲಿಗೆ ಬಂದಿದ್ದ ಗೆಳೆಯ. ಅವನನ್ನು ಹೆಗಲ ಮೇಲೆ ಹೊತ್ತು ಟಾರು ರಸ್ತೆಯವರೆಗೆ ಓಡಿದವನೂ ಇದೇ ಹುಡುಗ. ಉಸಿರು ಅಲ್ಲಿಯವರೆಗೆ ಉಳಿಯಲಿಲ್ಲ.

ಹೋದ ವಾರ ಚಿಕ್ಕಮಗಳೂರಿನ ಕೋರ್ಟು ಜಾಮೀನು ಕೊಟ್ಟಿತು. ಪ್ರತಿ ಭಾನುವಾರ ಠಾಣೆಯಲ್ಲಿ ಸಹಿ ಹಾಕಬೇಕು, ತಾಲ್ಲೂಕು ದಾಟಬಾರದು, ಜಮೀನಿರುವ ಒಬ್ಬರು ಹೊಣೆ ನಿಲ್ಲಬೇಕು. ಹೊಣೆಗೆ ಒಪ್ಪಿದ್ದ ಚಿಕ್ಕಪ್ಪ, ಹುಡುಗನಿಗಿದ್ದ ಒಬ್ಬನೇ ದಿಕ್ಕು, ಮೊನ್ನೆ ಕೊಪ್ಪಕ್ಕೆ ಹತ್ತಿರದ ಬಾಳಗಡಿಯವರೆಗೆ ಬಂದು, ಬಸ್ಸಿಳಿದು ವಾಪಸಾಗಿದ್ದ. ಇವತ್ತು ಅವನ ಬದಲು ದೇವಪ್ಪ ತನ್ನ ಪಹಣಿ ತಂದಿದ್ದ.

“ಪಹಣಿ ಜಂಟಿ ಇದೆಯಲ್ಲ. ನಿಮ್ಮ ಹೆಸರು, ಮಗನ ಹೆಸರು. ಅವನ ಸಹಿ ಎಲ್ಲಿ?” ವೃಷಭೇಂದ್ರಪ್ಪನವರು ನರಸಿಂಹರಾಜಪುರದಿಂದ ವರ್ಗವಾಗಿ ಬಂದು ಮೂರೇ ದಿನವಾಗಿತ್ತು.

“ಅವ್ನು ಸಹಿ ಹಾಕೋ ಹಂಗಿಲ್ಲ ಸಾರ್.”

ವಕೀಲ ತ್ರ್ಯಂಬಕ ಫೈಲಿನಿಂದ ಮಡಚಿದ ಹಾಳೆಯೊಂದನ್ನು ತೆಗೆದು ಪಹಣಿಯ ಮೇಲಿಟ್ಟರು. ವೃಷಭೇಂದ್ರಪ್ಪ ಓದಿದರು. ಎದ್ದು ನಿಂತರು. ತಮ್ಮ ಕುರ್ಚಿಯನ್ನೇ ದೇವಪ್ಪನ ಕಡೆ ಸರಿಸಿದರು.

“ಕೂತ್ಕೊಳಿ. ನೀರು ಕುಡೀತೀರಾ?”

ದೇವಪ್ಪ ಕೂತ. ತೊಡೆಯ ಮೇಲೆ ಕೈಚೀಲ. ಅದರೊಳಗೆ ಹೆಂಡತಿ ಜಲಜಮ್ಮ ಕಟ್ಟಿಕೊಟ್ಟ ಕಡುಬು, ಇಸ್ತ್ರಿ ಮಾಡಿದ ನೀಲಿ ಅಂಗಿ. ಈ ನಲವತ್ತು ದಿನಗಳಲ್ಲಿ ಅವಳು ಕಡುಬು ಬೇಯಿಸಿದ್ದು ಇವತ್ತೇ ಮೊದಲು.

“ಅಂಗಿ ಆಗತ್ತಾ ಅವನಿಗೆ?” ತ್ರ್ಯಂಬಕ ಕೇಳಿದರು.

“ಆಗತ್ತೆ. ಈಗ ಸೊರಗಿದಾನೆ, ಚೂರು ದೊಗಳೆ ಆಗ್ಬೋದು.”

“ದೇವಪ್ಪಣ್ಣ, ಇನ್ನೊಂದ್ಸಲ ಯೋಚನೆ ಮಾಡಿ ಮಾರಾಯ್ರೆ. ಎರಡು ಸೆಕ್ಷನ್ ಬಿದ್ದಿದೆ. ಶಿಕ್ಷೆ ಒಟ್ಟಿಗೇ ಅನುಭವಿಸಲಿ ಅಂತ ಜಡ್ಜು ಬರೀದೇ ಇದ್ರೆ, ಒಂದು ಮುಗಿದ ಮೇಲೆ ಇನ್ನೊಂದು. ಕೊನೆಗೆ ಹುಡುಗ ವರ್ಷಗಟ್ಟಲೆ ಒಳಗಿರ್ಬೇಕಾಗತ್ತೆ.”

“ಅಲ್ಲೀವರೆಗಾದ್ರೂ ನಮ್ಮನೇಲಿ ಇರ್ಲಿ. ಗದ್ದೆಗೆ ಹೋದ ಇಬ್ರಲ್ಲಿ ಒಬ್ನಾದ್ರೂ ಉಣ್ಣಕ್ಕೆ ಬರ್ಲಿ ಅಂತಾಳೆ ನಮ್ಮನೆಯವ್ಳು.”

“ಭಾನುವಾರ ಠಾಣೆಗೆ?”

“ನಾನೇ ಕರ್ಕೊಂಡು ಬರ್ತೀನಿ. ಭಾನುವಾರ ನಂಗೆ ಬೇರೆ ಎಂತ ಕೆಲ್ಸ?”

ಶಿವಕಿರಣ ಎಂದು ಹುಡುಗನ ಹೆಸರು ಕೂಗಿದರು. ಕರೆತಂದ ಪೊಲೀಸ್ ಬೇಡಿ ಬಿಚ್ಚಿ, ಹುಡುಗನ ಮಣಿಕಟ್ಟಿನ ಕೆಂಪು ಗುರುತನ್ನು ಹೆಬ್ಬೆರಳಿನಿಂದ ಒಮ್ಮೆ ತಿಕ್ಕಿದ. ಕಟಕಟೆಯಲ್ಲಿ ಹುಡುಗ ತಲೆ ಎತ್ತಲಿಲ್ಲ. ದೇವಪ್ಪನ ಕಡೆಗಂತೂ ನೋಡಲೇ ಇಲ್ಲ.

ನ್ಯಾಯಾಧೀಶರು ಕಾಗದ ತಿರುವಿದರು. “ಇವನು ಓಡಿಹೋದ್ರೆ ನಿಮ್ಮ ಗದ್ದೆ ಹೋಗಬಹುದು. ಗೊತ್ತಾ?”

“ಓಡೋನಲ್ಲ ಸ್ವಾಮಿ. ಅವತ್ತು ಹೊತ್ಕೊಂಡು ಓಡಿದಾನೆ, ಬಿಟ್ಟು ಓಡಿಲ್ಲ.”

“ಆರೋಪಿ ನಿಮಗೆ ಏನಾಗಬೇಕು?”

ದೇವಪ್ಪ ಚೀಲದೊಳಗಿನ ನೀಲಿ ಅಂಗಿಯ ಮೇಲೆ ಕೈಯಿಟ್ಟ.

“ಎಂತ ಹೇಳ್ಲಿ ಸ್ವಾಮಿ. ಅವ್ನು ಹೊತ್ಕೊಂಡು ಓಡಿದ್ದು ನನ್ನ ಮಗನ್ನ.”