ಮಾಸ್ಕಿನಲ್ಲಿ ಪುದೀನ ವಾಸನೆ

ಟಪಾಲು ಹಂಚುವ ಅತ್ತಿಗೆಯ ಮುಖದಿಂದ ಬಿಚ್ಚಿದ ಮಾಸ್ಕನ್ನು ವಿಜ್ಞಾನಿ ನಾದಿನಿ ಮೂಗಿನ ಹತ್ತಿರ ಹಿಡಿದು ಮೂಸಿದಳು. ಪುದೀನ! ಪ್ರಯೋಗಾಲಯದ ಕದಲದ ಸೈಕಲ್ಲಿನ ಮೇಲೆ ಅತ್ತಿಗೆ ಇನ್ನೂ ಏದುಸಿರು ಬಿಡುತ್ತಿದ್ದಳು. ಆಮ್ಲಜನಕ ಕಮ್ಮಿ ಮಾಡಿದ ಗಾಳಿಯನ್ನೇ ಉಸಿರಾಡಿಕೊಂಡು ಹನ್ನೊಂದು ನಿಮಿಷ ತುಳಿದಿದ್ದಳು. ಪ್ರಯೋಗಕ್ಕೆ ಬಂದವರಲ್ಲಿ ಇನ್ಯಾರೂ ಒಂಬತ್ತು ದಾಟಿರಲಿಲ್ಲ.

“ಎಲ್ಲಾ ನೀನು ವಾರದಿಂದ ಕುಡಿಸ್ತಿರೋ ಬೀಟ್‌ರೂಟ್ ರಸದ ಪುಣ್ಯ ಕಣೇ,” ಎಂದಳು ಅತ್ತಿಗೆ ಸಪ್ಪಗೆ. “ನನ್ನ ಕಾಲಿಗೆಲ್ಲಿ ಬರ್ಬೇಕು ಇಷ್ಟು ಕಸುವು? ಐವತ್ತೈದಾಯ್ತು, ಟಪಾಲು ಹೊತ್ತು ಗುಡ್ಡ ಹತ್ತೋದು ಬಿಟ್ಟು ಕೌಂಟರಲ್ಲಿ ಕೂತ್ಕೊಳ್ಳಿ ಅಂತ ಪೋಸ್ಟಾಫೀಸ್ ಸಾಹೇಬ್ರು ಹೇಳೋದು ಸರಿನೇ.”

“ಅತ್ತಿಗೆ, ಬಾಯಿ ಯಾವುದ್ರಲ್ಲಿ ಮುಕ್ಕಳಿಸಿದ್ರಿ?”

ಅತ್ತಿಗೆ ನಾಚಿದಳು. “ಮೌತ್‌ವಾಶಲ್ಲಿ. ನೀನು ಇಷ್ಟು ಹತ್ತಿರ ಬಂದು ಮಾಸ್ಕ್ ಕಟ್ತೀಯಲ್ಲ, ಬಾಯಿ ವಾಸನೆ ಬಂದ್ರೆ ನನ್ನ ಮರ್ಯಾದೆ ಏನಾಗ್ಬೇಕು? ವಾರದಿಂದ ಮೂರು ಹೊತ್ತೂ ಮುಕ್ಕಳಿಸ್ತಿದ್ದೀನಿ.”

ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಆ ರಸ ಸ್ನಾಯುವಿಗೆ ದಕ್ಕಬೇಕಾದ್ರೆ ಬಾಯಲ್ಲಿರೋ ಒಳ್ಳೆ ಬ್ಯಾಕ್ಟೀರಿಯಾ ಬೇಕು ಅತ್ತಿಗೆ. ಆಗ್ಲೇ ಕಮ್ಮಿ ಆಮ್ಲಜನಕದಲ್ಲೂ ಸ್ನಾಯು ಹೆಚ್ಚು ಹೊತ್ತು ದುಡಿಯೋದು. ನೀವು ಅವನ್ನೆಲ್ಲ ತೊಳೆದು ಉಗಿದುಬಿಟ್ಟಿದ್ದೀರಿ! ರಸ ಕುಡಿದ್ರೂ ಒಂದೇ, ಬಿಟ್ರೂ ಒಂದೇ.”

“ಅಯ್ಯೋ, ನಿನ್ನ ಪ್ರಯೋಗ ಕೆಡಿಸಿಬಿಟ್ನಾ?”

“ಕೆಟ್ಟರೆ ಕೆಡ್ಲಿ ಬಿಡಿ.”

ಅತ್ತಿಗೆ ಹ್ಯಾಂಡಲ್ ಹಿಡಿದು ನೆಟ್ಟಗೆ ಕೂತಳು. “ಹಾಗಾದ್ರೆ ಆ ಹನ್ನೊಂದು ನಿಮಿಷ?”

ನಾದಿನಿ ಅವಳ ಬೆವೆತ ಮೊಣಕಾಲುಗಳನ್ನು ತಟ್ಟಿದಳು. “ಪೂರ್ತಿ ಇವುಗಳದ್ದೇ.”

ಅತ್ತಿಗೆ ಸೈಕಲ್ಲಿನಿಂದ ಇಳಿಯಲೇ ಇಲ್ಲ. ಪಕ್ಕದಲ್ಲಿದ್ದ ಖಾಲಿ ಸೈಕಲ್ಲಿನ ಕಡೆ ಕೈ ತೋರಿಸಿ, “ಸಾಹೇಬ್ರನ್ನ ಕರೆಸು,” ಎನ್ನುತ್ತ ಮತ್ತೆ ಪೆಡಲ್ ತುಳಿದಳು.