ಹಳೇ ಕಾರಿನ ಹೊಸ ಹಸಿವು

ಡೀಸೆಲ್ ಮುಳ್ಳು ಮತ್ತೆ ತಳ ಕಚ್ಚಿತ್ತು. ದಂತವೈದ್ಯ ಗಾಜಿನ ಮೇಲೆ ಬೆರಳಿನಿಂದ ತಟ್ಟಿದ. ಮುಳ್ಳು ಜಪ್ಪಯ್ಯ ಎನ್ನಲಿಲ್ಲ. ಭಾನುವಾರ ತಾನೇ ಟ್ಯಾಂಕ್ ತುಂಬಿಸಿದ್ದ. "ಆಮೇಲೆ ಕಾರು ಗೇಟು ದಾಟೇ ಇಲ್ಲ," ಎಂದು ಗೊಣಗಿದ.

"ದಾಟಿಲ್ಲ ಅಂತ ನೀವು ಹೇಳ್ತೀರಿ," ಎಂದಳು ಹೆಂಡತಿ, ಬಾಗಿಲಿಗೆ ಒರಗಿ.

ಕಾರು ತೀರಿಹೋದ ಅಪ್ಪನದು. ಗುಡ್ಡದ ರಸ್ತೆಯಲ್ಲಿ ಅದು ಏದುಸಿರು ಬಿಡುವಾಗ ಸೈಕಲ್ಲಿನವರೂ ಕನಿಕರದಿಂದ ನೋಡಿ ಮುಂದೆ ಹೋಗುತ್ತಿದ್ದರು. ಮಾರಿಬಿಡಿ ಎಂದು ಹೆಂಡತಿ ಬೆನ್ನು ಬಿದ್ದಿದ್ದಳು. ಅವನಿಗೆ ಮನಸ್ಸು ಬರಲಿಲ್ಲ. ಕೊನೆಗೆ ಮುಖ್ಯರಸ್ತೆಯ ಅಂಗಡಿಯಲ್ಲಿ ಒಂದು ಎಂಜಿನ್ ಚಿಪ್ ಹಾಕಿಸಿದ. ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ, ಯಾವಾಗ ಎಷ್ಟು ಡೀಸೆಲ್ ಕುಡಿಯಬೇಕೆಂದು ಎಂಜಿನ್ನಿಗೆ ಹೊಸದಾಗಿ ಪಾಠ ಹೇಳುವಂಥದು.

ಪಾಠ ಚೆನ್ನಾಗಿಯೇ ತಲೆಗೆ ಹತ್ತಿತು. ಅಂದೇ ಎಲ್ಲರನ್ನೂ ಕೂರಿಸಿಕೊಂಡು ಗುಡ್ಡಕ್ಕೆ ಹೊರಟರೆ, ಮುದಿ ಕಾರು ಬಾಲ ಸುಟ್ಟ ಬೆಕ್ಕಿನಂತೆ ನೆಗೆಯಿತು. ಹಿಂದಿನ ಸೀಟಿನಲ್ಲಿ ಅಮ್ಮ ಹಿಡಿಕೆ ಹಿಡಿದು, ಕಣ್ಣರಳಿಸಿ, "ಅಯ್ಯೋ, ಮೆಲ್ಲಗೆ ಹೋಗೋ! ನಿಮ್ಮಪ್ಪ ಇದ್ದಿದ್ರೆ ಕಿವಿ ಹಿಂಡ್ತಿದ್ರು!" ಎಂದು ದಾರಿಯುದ್ದಕ್ಕೂ ಕೂಗಿದಳು.

ಆಗಿನಿಂದ ಈ ಕಾಟ. ಸೋರಿಕೆಯೇನೋ ಎಂದು ಕಾರಿನಡಿ ತೆವಳಿ ಅಂಗಿ ಹಾಳು ಮಾಡಿಕೊಂಡಿದ್ದೇ ಬಂತು. ಕಳ್ಳತನವೇ? ಟ್ಯಾಂಕಿನ ಮುಚ್ಚಳಕ್ಕೆ ಬೀಗವಿತ್ತು, ಕೀಲಿ ಮನೆಯೊಳಗೆ ಮೊಳೆಗೆ ತೂಗುತ್ತಿತ್ತು. ಎಷ್ಟು ದೂರ ಓಡಿದೆ ಎಂದು ತೋರಿಸುವ ಮೀಟರು ಅಪ್ಪನ ಕಾಲದಲ್ಲೇ ಕೆಟ್ಟು ಕೂತಿತ್ತು. ಮಧ್ಯಾಹ್ನವೆಲ್ಲ ಅವನು ಮನೆಯ ಕೆಳಗಿನ ಕ್ಲಿನಿಕ್ಕಿನಲ್ಲಿ ಡ್ರಿಲ್ಲು ಗುಂಯ್‌ಗುಡಿಸುತ್ತಿದ್ದ. ಹೆಂಡತಿ ಬ್ಯಾಂಕಿನಲ್ಲಿ. ಅಮ್ಮ ಊಟವಾದ ಮೇಲೆ ಬಾಗಿಲು ಹಾಕಿಕೊಂಡು ಮಲಗುವವಳು.

"ಯಾರನ್ನ ಸುತ್ತಾಡಿಸ್ತಿದ್ದೀರಿ? ಹೇಳಿಬಿಡಿ." ಹೆಂಡತಿಯ ಮುಖದಲ್ಲಿ ನಗುವಿರಲಿಲ್ಲ.

ದಂತವೈದ್ಯ ಸ್ಟೀರಿಂಗ್ ಮೇಲೆ ಗುದ್ದಿದ. "ಈ ಚಿಪ್ಪೇ ಕುಡೀತಿದೆ ಕಣೇ! ಈಗಲೇ ಕೀಳಿಸಿ ಹಾಕ್ತೀನಿ."

"ಸುಮ್ನಿರೋ," ಎಂದಳು ಅಮ್ಮ ಒಳಗಿನಿಂದ. "ಹಳೇ ಜೀವಕ್ಕೆ ಹೊಸ ಶಕ್ತಿ ಬಂದಿದೆ. ಹಸಿವು ಸ್ವಲ್ಪ ಜಾಸ್ತಿ ಆಗುತ್ತಪ್ಪ."

ಅವನು ಕೇಳಲಿಲ್ಲ. ತಳದಲ್ಲಿ ಉಳಿದಿದ್ದ ಹನಿಗಳಲ್ಲೇ ಅಂಗಡಿ ಮುಟ್ಟಿದ.

ಅಂಗಡಿಯವನು ಬಾನೆಟ್ ಎತ್ತಿ ಎಲ್ಲ ತಡವಿ ನೋಡಿದ. "ನಿಂತಲ್ಲೇ ಯಾವ ಚಿಪ್ಪೂ ಡೀಸೆಲ್ ಕುಡಿಯಲ್ಲ ಸಾರ್. ಹದವಾಗಿ ಓಡಿಸಿದ್ರೆ ಉಳಿಸುತ್ತೆ, ಕಾಲು ಒತ್ತಿದ್ರೆ ಕುಡಿಯುತ್ತೆ. ಇದನ್ನ ಚೆನ್ನಾಗೇ ಒತ್ತಿದ್ದಾರೆ."

"ಯಾರೂ ಒತ್ತಿಲ್ಲ ಕಣಪ್ಪ! ಮನೇಲಿ ನನಗೆ ನಿಲ್ಲೋಕೆ ಜಾಗ ಇಲ್ದಂಗೆ ಆಗಿದೆ. ಕಿತ್ತುಹಾಕು."

ಅಂಗಡಿಯವನು ಸ್ಕ್ರೂಡ್ರೈವರ್ ಹಿಡಿದು ಗಲಿಬಿಲಿಯಿಂದ ಅವನನ್ನು ನೋಡಿದ.

"ಕೀಳ್ಬೇಕಾ? ಮತ್ತೆ ನಿನ್ನೆ ಮಧ್ಯಾಹ್ನ ನಿಮ್ಮ ತಾಯಿಯವ್ರು ಇದೇ ಕಾರು ಓಡಿಸ್ಕೊಂಡು ಬಂದು, ಗುಡ್ಡದ ತಿರುವಲ್ಲಿ ಸಾಲ್ತಿಲ್ಲ, ಇದಕ್ಕಿಂತ ಜೋರಾಗಿರೋದು ಹಾಕಿಕೊಡಿ ಅಂದ್ರಲ್ಲ ಸಾರ್?"